ಬಕ್ ಕನ್ವರ್ಟರ್‌ನಲ್ಲಿ ಇಂಡಕ್ಟರ್ ಸ್ಯಾಚುರೇಟ್ ಆಗದಂತೆ ನೋಡಿಕೊಳ್ಳುವುದು ಹೇಗೆ

ಬಕ್ ಕನ್ವರ್ಟರ್ ಅಂದರೆ ಹೆಚ್ಚಿನ ಡಿಸಿ ವೋಲ್ಟೇಜನ್ನು ಇಳಿಸಿಕೊಡುವ ಸರ್ಕ್ಯೂಟ್, ಅದರಲ್ಲಿರುವ ತಂತಿಯ ಸುರುಳಿಯೇ ಇಂಡಕ್ಟರ್. ಕರೆಂಟ್ ಅತಿಯಾಗಿ ಅದರ ಕೋರ್ (ಸುರುಳಿಯೊಳಗಿನ ಕಾಂತೀಯ ತಿರುಳು) ತುಂಬಿಹೋಗುವುದಕ್ಕೆ ಸ್ಯಾಚುರೇಟ್ ಆಗುವುದು ಅನ್ನುತ್ತಾರೆ. ಲೋಡ್ 3 ಆಂಪಿಯರ್, ಹಾಗಾಗಿ 3 ಆಂಪಿಯರ್ ಇಂಡಕ್ಟರ್ ಸಾಕು ಅಂತ ತುಂಬಾ ಜನ ಲೆಕ್ಕ ಹಾಕುತ್ತಾರೆ. ಸಾಕಾಗಲ್ಲ. ಇಂಡಕ್ಟರ್ ಆರಿಸುವಾಗ ಲೋಡ್‌ಗಿಂತ ಮೊದಲು ನೋಡಬೇಕಾದದ್ದು ಚಿಪ್‌ನ ಕರೆಂಟ್ ಲಿಮಿಟ್, ಅಂದರೆ ಕರೆಂಟ್ ಎಷ್ಟಕ್ಕೆ ಏರಿದರೆ ಚಿಪ್ ಸ್ವಿಚ್ ಆಫ್ ಮಾಡುತ್ತದೋ ಆ ಮಿತಿ. ಯಾಕೆ ಅಂತ ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ.

ಎಲ್ಲರಿಗೂ ಗೊತ್ತಿರುವ ಬಕ್ ಚಿಪ್ ಎಲ್‌ಎಂ2596 ತೆಗೆದುಕೊಳ್ಳಿ. 12 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, ಸ್ವಿಚಿಂಗ್ 150 ಕಿಲೋಹರ್ಟ್ಸ್, ಇಂಡಕ್ಟರ್ 33 ಮೈಕ್ರೋಹೆನ್ರಿ. ಡ್ಯೂಟಿ (ಪ್ರತಿ ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲು) ಸುಮಾರು 0.42. ಔಟ್‌ಪುಟ್ ವೋಲ್ಟೇಜನ್ನು ಒಂದರಿಂದ ಡ್ಯೂಟಿ ಕಳೆದು ಬಂದದ್ದಕ್ಕೆ ಗುಣಿಸಿ, ಇಂಡಕ್ಟನ್ಸ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧದಿಂದ ಭಾಗಿಸಿದರೆ ರಿಪಲ್, ಅಂದರೆ ಕರೆಂಟಿನ ಏರಿಳಿತ, ಸಿಗುತ್ತದೆ: ಸುಮಾರು 0.6 ಆಂಪಿಯರ್. ಅದರ ಅರ್ಧ ಲೋಡ್‌ಗೆ ಸೇರಿಸಿ. ಪೀಕ್ 3.3 ಆಂಪಿಯರ್. ಅಂದರೆ ಏನೂ ತೊಂದರೆ ಇಲ್ಲದ ದಿನವೇ 3 ಆಂಪಿಯರ್ ದಾಟಿ ಆಯ್ತು, ಅಲ್ವಾ?

ಇನ್ನು ಅಗ್ಗದ ಮಾಡ್ಯೂಲ್ ಬಳಸುತ್ತಿದ್ದರೆ ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು ಸ್ಕೋಪ್‌ನಲ್ಲಿ (ಆಸಿಲೋಸ್ಕೋಪ್) ಒಮ್ಮೆ ಅಳೆದೇ ನೋಡಿ. ಮೇಲೆ 2596 ಅಂತ ಬರೆದಿದ್ದರೂ 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಓಡುವ ಚಿಪ್‌ಗಳು ಮಾರ್ಕೆಟ್‌ನಲ್ಲಿವೆ. ಅದೇ 33 ಮೈಕ್ರೋಹೆನ್ರಿಗೆ ಆಗ ರಿಪಲ್ ಮೂರು ಪಟ್ಟು, ಪೀಕ್ ಹತ್ತಿರಹತ್ತಿರ 3.9 ಆಂಪಿಯರ್.

ಸ್ಯಾಚುರೇಟ್ ಆದಾಗ ಆಗುವುದಿಷ್ಟು. ಕೋರ್ ಇನ್ನಷ್ಟು ಫ್ಲಕ್ಸ್ ಹಿಡಿಯಲಾರದೆ ಇಂಡಕ್ಟನ್ಸ್ ಕುಸಿಯುತ್ತದೆ. 33 ಮೈಕ್ರೋಹೆನ್ರಿ ಇದ್ದದ್ದು 3.3 ಆದರೆ ಕರೆಂಟ್ ಹತ್ತು ಪಟ್ಟು ಜೋರಾಗಿ ಏರುತ್ತದೆ, ಮೈಕ್ರೋಸೆಕೆಂಡಿಗೆ 0.2 ಬದಲು 2 ಆಂಪಿಯರ್‌ಗೂ ಜಾಸ್ತಿ. ಚಿಪ್‌ನ ಕರೆಂಟ್ ಲಿಮಿಟ್ ಇದನ್ನು ಗಮನಿಸಿ ಸ್ವಿಚ್ ಆಫ್ ಮಾಡಲು ಸ್ವಲ್ಪ ಸಮಯ ಬೇಕು, ಆ ಸಮಯದಲ್ಲೇ ಕರೆಂಟ್ ಮಿತಿ ದಾಟಿ ಹೋಗಿರುತ್ತದೆ, ಏಟು ಬೀಳುವುದು ಸ್ವಿಚ್‌ಗೆ ಮತ್ತು ಡಯೋಡ್‌ಗೆ.

ಈಗ ಡೇಟಾಶೀಟ್. ಇಂಡಕ್ಟರ್‌ಗೆ ಎರಡು ಕರೆಂಟ್ ಕೊಟ್ಟಿರುತ್ತಾರೆ. ಆರ್‌ಎಂಎಸ್ ಕರೆಂಟ್ ಬಿಸಿಯ ಲೆಕ್ಕ, ಸಾಮಾನ್ಯವಾಗಿ 40 ಡಿಗ್ರಿ ಏರಿಕೆಗೆ. ಸ್ಯಾಚುರೇಶನ್ ಕರೆಂಟ್ ಬೇರೆ. ನಮಗೆ ಪೀಕ್ ಜೊತೆ ಹೋಲಿಸಲು ಬೇಕಾದದ್ದು ಎರಡನೆಯದು. ಅದರಲ್ಲೂ ಎಚ್ಚರ: ಒಬ್ಬ ತಯಾರಕ ಇಂಡಕ್ಟನ್ಸ್ 10 ಶೇಕಡ ಇಳಿದ ಜಾಗವನ್ನು ಸ್ಯಾಚುರೇಶನ್ ಅನ್ನುತ್ತಾನೆ, ಇನ್ನೊಬ್ಬ 30 ಶೇಕಡ ಇಳಿದದ್ದನ್ನು. ಬರೀ ಸಂಖ್ಯೆ ನೋಡಿ ಎರಡನ್ನು ಹೋಲಿಸಬೇಡಿ. ಗ್ರಾಫ್ ಇದ್ದರೆ ಗ್ರಾಫ್ ನೋಡಿ, ಅದೂ 100 ಡಿಗ್ರಿಯದ್ದು. ಫೆರೈಟ್ (ಸೆರಾಮಿಕ್‌ನಂಥ ಕಾಂತೀಯ ವಸ್ತು) ಕೋರ್ ಬಿಸಿಯಾದಷ್ಟೂ ಬೇಗ ಸ್ಯಾಚುರೇಟ್ ಆಗುತ್ತದೆ, ಟೇಬಲ್ ಮೇಲೆ ತಣ್ಣಗಿದ್ದಾಗ ಪಾಸಾದ ಬೋರ್ಡ್ ಡಬ್ಬಿಯೊಳಗೆ ಸುಡುವುದು ಇದಕ್ಕೇ.

ಮುಖ್ಯ ವಿಷಯಕ್ಕೆ ಬಂದರೆ, ಎಲ್‌ಎಂ2596ರ ಕರೆಂಟ್ ಲಿಮಿಟ್ 25 ಡಿಗ್ರಿಯಲ್ಲಿ ಕನಿಷ್ಠ 3.6, ಸಾಮಾನ್ಯವಾಗಿ 4.5, ಗರಿಷ್ಠ 6.9 ಆಂಪಿಯರ್. ಔಟ್‌ಪುಟ್ ಶಾರ್ಟ್ ಆದರೆ ಇಂಡಕ್ಟರ್ ಆ ಮಿತಿವರೆಗೂ ಹೋಗುತ್ತದೆ. ಫೆರೈಟ್ ಕೋರ್ ಆದರೆ ಮಿತಿ ದಾಟಿದ ಕೂಡಲೇ ಇಂಡಕ್ಟನ್ಸ್ ಥಟ್ಟನೆ ಕುಸಿಯುತ್ತದೆ, ಆದ್ದರಿಂದ ಬಿಸಿಯಲ್ಲೂ ಗರಿಷ್ಠ ಲಿಮಿಟ್ ತಡೆಯುವಂಥದ್ದನ್ನೇ ಹಾಕಿ ಅನ್ನುತ್ತೇನೆ. ಐರನ್ ಪೌಡರ್ ಟೊರಾಯ್ಡ್ ಅಥವಾ ಮೋಲ್ಡೆಡ್ ಇಂಡಕ್ಟರ್ ನಿಧಾನವಾಗಿ ಇಳಿಯುತ್ತವೆ, ಅಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಆದರೆ ಕೋರ್ ಲಾಸ್ ಜಾಸ್ತಿ, ಬಿಸಿ ನೋಡಿಕೊಳ್ಳಿ.

ಆನ್ ಮಾಡುವ ಕ್ಷಣವೂ ಅಪಾಯದ್ದೇ. 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 1 ಮಿಲಿಸೆಕೆಂಡಿನಲ್ಲಿ 5 ವೋಲ್ಟ್‌ಗೆ ಏರಿಸಲು 5 ಆಂಪಿಯರ್ ಬೇಕು, 10 ಮಿಲಿಸೆಕೆಂಡ್ ಕೊಟ್ಟರೆ ಅರ್ಧ ಆಂಪಿಯರ್ ಸಾಕು. ಸಾಫ್ಟ್ ಸ್ಟಾರ್ಟ್ ಪಿನ್ (ಔಟ್‌ಪುಟನ್ನು ನಿಧಾನವಾಗಿ ಏರಿಸುವ ಪಿನ್) ಇರುವ ಚಿಪ್ ಆದರೆ ಬಳಸಿಕೊಳ್ಳಿ. ಎಲ್‌ಎಂ2596ರಲ್ಲಿ ಆ ಪಿನ್ ಇಲ್ಲ, ಹಾಗಾಗಿ ಔಟ್‌ಪುಟ್ ಕೆಪಾಸಿಟರನ್ನು ಸುಮ್ನೆ ದೊಡ್ಡದು ಮಾಡಬೇಡಿ.

ಲೆಕ್ಕ ಮುಗಿದ ಮೇಲೆ ಕಣ್ಣಾರೆ ನೋಡಲೇಬೇಕು. ಇಂಡಕ್ಟರ್‌ನ ಔಟ್‌ಪುಟ್ ಕಡೆಯ ಕಾಲು ಎತ್ತಿ, ಒಂದು ಚಿಕ್ಕ ವೈರ್ ಲೂಪ್ ಹಾಕಿ, ಅದಕ್ಕೆ ಕರೆಂಟ್ ಪ್ರೋಬ್ ಸಿಕ್ಕಿಸಿ. ಸ್ವಿಚ್ ಕಡೆ ಹಾಕಬೇಡಿ, ಅಲ್ಲಿ ನಾಯ್ಸ್ ಜಾಸ್ತಿ. ಅತಿ ಹೆಚ್ಚು ಇನ್‌ಪುಟ್, ಪೂರ್ತಿ ಲೋಡ್, ಬೋರ್ಡ್ ಚೆನ್ನಾಗಿ ಬಿಸಿಯಾಗಿರಬೇಕು. ಕಾರಿನ ಬ್ಯಾಟರಿಗೆ ಹಾಕುವುದಾದರೆ 12 ಅಲ್ಲ, ಚಾರ್ಜ್ ಆಗುವಾಗಿನ 14.4 ವೋಲ್ಟ್‌ನಲ್ಲಿ ನೋಡಿ. ಸ್ಕೋಪ್‌ನಲ್ಲಿ ಕಾಣುವ ಕರೆಂಟಿನ ತ್ರಿಕೋನದ ಏರುವ ಗೆರೆ ನೇರವಾಗಿದ್ದರೆ ಸರಿ. ತುದಿ ಕೊಕ್ಕೆಯಂತೆ ಮೇಲಕ್ಕೆ ಬಾಗಿದ್ದರೆ ಕೋರ್ ತುಂಬಿದೆ.

ಕೊಕ್ಕೆ ಕಂಡರೆ ಅದೇ ಸೈಜಿನಲ್ಲಿ ಜಾಸ್ತಿ ಮೈಕ್ರೋಹೆನ್ರಿಯದ್ದನ್ನು ಹಾಕಬೇಡಿ. ಅದೇ ಕೋರ್‌ಗೆ ಸುತ್ತು ಹೆಚ್ಚಿದರೆ ಇನ್ನೂ ಕಡಿಮೆ ಕರೆಂಟ್‌ಗೇ ಸ್ಯಾಚುರೇಟ್ ಆಗುತ್ತದೆ. ಎರಡನ್ನು ಸೀರೀಸ್‌ನಲ್ಲಿ ಹಾಕಿದರೆ ರಿಪಲ್ ಇಳಿಯುತ್ತದೆ ನಿಜ, ಆದರೆ ಲೋಡ್‌ನ ಪೂರ್ತಿ ಕರೆಂಟ್ ಎರಡರಲ್ಲೂ ಹರಿಯುತ್ತದೆ. ದೊಡ್ಡ ಕೋರ್‌ನದ್ದು ತನ್ನಿ, ಜಾಗ ಇಲ್ಲದಿದ್ದರೆ ಹೆಚ್ಚು ಫ್ರೀಕ್ವೆನ್ಸಿಯ ಚಿಪ್‌ಗೆ ಹೋಗಿ ಕಡಿಮೆ ಇಂಡಕ್ಟನ್ಸ್ ಬಳಸಿ, ಆಮೇಲೆ ಮತ್ತೆ ಬಿಸಿಯಲ್ಲೇ ಅಳೆಯಿರಿ.