ಆಕರ ಪುಸ್ತಕದಿಂದ ವೆಬ್ ಪ್ರೋಗ್ರಾಮಿಂಗ್ ಕಲಿಯುವ ಬಗೆ

ವೆಬ್ ಪ್ರೋಗ್ರಾಮಿಂಗ್‌ನ ಆಕರ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಾಗಿಲ್ಲ. ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ಪುಟಗಳನ್ನಷ್ಟೇ ತೆರೆಯುವುದು ಒಳ್ಳೆಯದು. ಆದರೆ ಕೊಳ್ಳುವ ಮುನ್ನ ಪ್ರಕಟಣೆಯ ವರ್ಷವನ್ನು ನೋಡಿ. ಉದಾಹರಣೆಗೆ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಲು ಇದ್ದ ಹಳೆಯ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ನೇ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ. ಅವುಗಳನ್ನೇ ಕಲಿಸುವ ಪುಸ್ತಕದ ಉದಾಹರಣೆಗಳು ಈಗಿನ ಆವೃತ್ತಿಗಳಲ್ಲಿ ಕೆಲಸ ಮಾಡುವುದಿಲ್ಲ.

ಮೊದಲಿಗೆ ನಿಮ್ಮ ಕಂಪ್ಯೂಟರಿನಲ್ಲೇ, ಹೆಸರು ಮತ್ತು ಅಭಿಪ್ರಾಯ ಬರೆಸಿಕೊಳ್ಳುವ ಒಂದು ಫಾರ್ಮ್ ಸಿದ್ಧಪಡಿಸಿ. ಪುಸ್ತಕದ ಕೋಡನ್ನು ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿ, ರನ್ ಮಾಡಿ, ಬಳಿಕ ಒಂದೊಂದೇ ಸಾಲನ್ನು ಬದಲಿಸಿ ಏನಾಗುತ್ತದೆಂದು ಗಮನಿಸಿ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದರೆ, ಫಾರ್ಮ್ ಕಳುಹಿಸುವ ಎರಡು ವಿಧಾನಗಳ ಪೈಕಿ ಗೆಟ್ ವಿಧಾನದಲ್ಲಿ ಕಳುಹಿಸಿದ ಹೆಸರು ಅಡ್ರೆಸ್ ಬಾರ್‌ನಲ್ಲೇ ಕಾಣುವುದನ್ನೂ, ಪೋಸ್ಟ್ ವಿಧಾನದಲ್ಲಿ ಅದೇ ಹೆಸರು ಸರ್ವರಿಗೆ ಹೋಗುವ ರಿಕ್ವೆಸ್ಟ್‌ನ ಬಾಡಿಯೊಳಗೆ ಸಾಗುವುದನ್ನೂ ಕಣ್ಣಾರೆ ನೋಡಬಹುದು.

ಬಳಿಕ ಅಭಿಪ್ರಾಯದ ಜಾಗದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ (ತನ್ನೊಳಗಿನ ಕೋಡನ್ನು ರನ್ ಮಾಡುವಂತೆ ಬ್ರೌಸರಿಗೆ ಹೇಳುವ ಗುರುತು) ಬರೆದು ಕಳುಹಿಸಿ. ಅದು ಪುಟದಲ್ಲಿ ಬರಿಯ ಅಕ್ಷರಗಳಾಗಿ ಕಾಣದೆ ರನ್ ಆಗಿಬಿಟ್ಟರೆ, ಭದ್ರತೆಯ ಅಧ್ಯಾಯವನ್ನು ಆಗಲೇ ಓದಿ. ಅನೇಕರು ಕೊನೆಗೆ ಬಿಟ್ಟುಬಿಡುವ ಈ ಅಧ್ಯಾಯವೇ, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಮುಖ್ಯವಾದದ್ದು. ಡೇಟಾಬೇಸಿಗೆ ಹೋಗುವ ಬಳಕೆದಾರರ ಪ್ರತಿಯೊಂದು ಮಾಹಿತಿಯನ್ನೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಡೇಟಾಬೇಸಿಗೆ ಕೊಡುವ ಆದೇಶವನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ಇಡುವ ಕ್ರಮ) ಮೂಲಕವೇ ಕಳುಹಿಸುವುದನ್ನು ಮೊದಲ ಫಾರ್ಮ್‌ನಿಂದಲೇ ರೂಢಿಸಿಕೊಳ್ಳಿ.