ಕೊಜುಮೆಲ್‌ನಲ್ಲಿ ವಾರಾಂತ್ಯಕ್ಕೆ ಆರು ಡೈವ್: ಮೂರನೆಯ ಸಲ ಕೂಡಿಬಂದ ಲೆಕ್ಕ

ಹ್ಯೂಸ್ಟನ್ನಿನಿಂದ ಶುಕ್ರವಾರ ಬೆಳಿಗ್ಗೆ ಹೊರಟು, ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಆರು ಡೈವ್ (ಬೆನ್ನಿಗೆ ಗಾಳಿಯ ಟ್ಯಾಂಕು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವುದು) ಮುಗಿಸಿ, ಸೋಮವಾರ ಸಂಜೆಗೆ ಮನೆ ಸೇರಬಹುದು ಎಂದು ನಾನು ಹೇಳಿದಾಗ ನಮ್ಮ ಡೈವಿಂಗ್ ಗೆಳೆಯರಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ವಾರವಿಡೀ ರಜೆ ಹಾಕದೆ ಅಲ್ಲಿ ಡೈವಿಂಗ್ ಮಾಡುವುದು ದುಡ್ಡು ಕಳೆಯುವ ಕೆಲಸ, ದೇಹದಲ್ಲಿ ಉಳಿದ ನೈಟ್ರೋಜನ್ ಹೊರಹೋಗಲೆಂದು ಕೊನೆಯ ಡೈವ್ ಮತ್ತು ವಿಮಾನದ ನಡುವೆ ಬಿಡಬೇಕಾದ 18 ಗಂಟೆಯೇ ಒಂದು ಇಡೀ ದಿನವನ್ನು ನುಂಗಿಬಿಡುತ್ತದೆ ಎಂಬುದು ಅವರ ವಾದವಾಗಿತ್ತು. ನಾನು ಮುಂದಾಳತ್ವ ವಹಿಸಿದ ಹಿಂದಿನ ಎರಡು ಪ್ರವಾಸಗಳು ಕೆಟ್ಟಿದ್ದರಿಂದ ಆ ವಾದಕ್ಕೆ ಬಲವೂ ಇತ್ತು. ಕಳೆದ ಮೇ ತಿಂಗಳಲ್ಲಿ ನಾವು ನಾಲ್ವರು ಹೋಗಿ, ಯೋಜಿಸಿದ ಆರಕ್ಕೆ ಆರೂ ಡೈವ್ ಮಾಡಿ, ಕೊನೆಯ ಡೈವಿನ ನಂತರ ಹೆಚ್ಚುಕಡಿಮೆ 24 ಗಂಟೆ ನೆಲದ ಮೇಲೆ ಕಳೆದು, ತಲಾ 920 ಡಾಲರಿನ ಆಸುಪಾಸಿನಲ್ಲಿ ಮುಗಿಸಿ ಬಂದೆವು. ಇದೇ ದಾರಿಯಲ್ಲಿ ಹೋಗಬಯಸುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಹತ್ತಿಪ್ಪತ್ತು ಡಾಲರ್ ಆಚೀಚೆ ಇರಬಹುದು.

ಮೊದಲನೆಯ ಸಲ ಮಾಡಿದ ತಪ್ಪು ಅಗ್ಗದ ಟಿಕೆಟಿನ ಆಸೆ. ಕೊಜುಮೆಲ್‌ಗೆ ನೇರ ವಿಮಾನವಿದ್ದರೂ ಎದುರಿನ ಮುಖ್ಯಭೂಮಿಯ ಕಾನ್ಕುನ್‌ಗೆ ಹೋದರೆ ತಲಾ 120 ಡಾಲರ್ ಉಳಿಯುತ್ತದೆಂದು ಅದನ್ನೇ ಕೊಂಡೆವು. ಕಾನ್ಕುನ್‌ನ ವಲಸೆ ಸಾಲಿನಲ್ಲಿ ನಿಂತು, ಅಲ್ಲಿಂದ ಪ್ಲಾಯಾ ದೆಲ್ ಕಾರ್ಮೆನ್‌ಗೆ ಬಸ್ಸು ಹಿಡಿದು, ಬಂದರಿನವರೆಗೆ ಸಾಮಾನು ಎಳೆದು, ಮುಕ್ಕಾಲು ಗಂಟೆ ಫೆರಿಯಲ್ಲಿ ಅಲೆಗಳ ಮೇಲೆ ಕುಳಿತು ದ್ವೀಪ ಮುಟ್ಟುವಾಗ ರಾತ್ರಿ ಎಂಟು ದಾಟಿತ್ತು. ಉಳಿಸಿದ ದುಡ್ಡು ಬಸ್ಸು, ಫೆರಿ, ಟ್ಯಾಕ್ಸಿಗಳಿಗೇ ಸರಿಹೋಯಿತು. ಶುಕ್ರವಾರದ ಡೈವ್ ಕೈತಪ್ಪಿತು. ಭಾನುವಾರ ಸಂಜೆಗೇ ಮರಳುವ ಟಿಕೆಟ್ ಇದ್ದುದರಿಂದ ಶನಿವಾರದ ಎರಡೇ ಡೈವ್ ದಕ್ಕಿದವು. ಅದಕ್ಕಿಂತ ದೊಡ್ಡ ನಷ್ಟ ಹ್ಯೂಸ್ಟನ್ನಿನಲ್ಲೇ ಆಗಿತ್ತು. ನಮ್ಮಲ್ಲೊಬ್ಬನ ಪಾಸ್‌ಪೋರ್ಟಿನಲ್ಲಿದ್ದ ಎಚ್-1ಬಿ (ಅಮೆರಿಕದ ಉದ್ಯೋಗ ವೀಸಾ) ಸ್ಟಾಂಪಿನ ಅವಧಿ ಮುಗಿದಿತ್ತು. 30 ದಿನದೊಳಗೆ ಮೆಕ್ಸಿಕೊದಿಂದ ಮರಳುವವರಿಗೆ ಹಳೆಯ ಸ್ಟಾಂಪಿನ ಮೇಲೇ ಅಮೆರಿಕಕ್ಕೆ ಬರಲು ನಿಯಮವಿದೆ ಎಂದು ಓದಿಕೊಂಡು ಅವನು ನಿಶ್ಚಿಂತನಾಗಿದ್ದ. ಆದರೆ ಭಾರತದ ಪಾಸ್‌ಪೋರ್ಟ್ ಹೊಂದಿದವರನ್ನು ಮೆಕ್ಸಿಕೊ ತನ್ನ ವೀಸಾ ಇಲ್ಲದೆ ಒಳಗೆ ಬಿಡಬೇಕಾದರೆ ಅಮೆರಿಕದ ವೀಸಾ ಚಾಲ್ತಿಯಲ್ಲಿರಬೇಕು, ಇಲ್ಲವೇ ಗ್ರೀನ್ ಕಾರ್ಡ್‌ನಂತಹ ಖಾಯಂ ವಾಸದ ದಾಖಲೆ ಇರಬೇಕು. ಮರಳಿ ಬರುವ ನಿಯಮವನ್ನು ನೋಡಿದ್ದೆವೇ ಹೊರತು ಒಳಗೆ ಹೋಗುವ ನಿಯಮವನ್ನು ಯಾರೂ ನೋಡಿರಲಿಲ್ಲ. ಅವನು ವಿಮಾನ ನಿಲ್ದಾಣದಿಂದಲೇ ಹಿಂತಿರುಗಿದ. ಸುಮಾರು 300 ಡಾಲರಿನ ಟಿಕೆಟ್ ಹೋಯಿತು.

ಎರಡನೆಯ ಪ್ರವಾಸ ಜನವರಿಯಲ್ಲಿ. ಈ ಸಲ ನೇರ ವಿಮಾನವನ್ನೇ ಹಿಡಿದಿದ್ದೆವು, ಕಾಗದಪತ್ರಗಳೆಲ್ಲ ಸರಿಯಿದ್ದವು, ಆದರೂ ಶನಿವಾರ ಬೆಳಗಿನ ದೋಣಿ ತಪ್ಪಿತು. ಕೊಜುಮೆಲ್ ಇರುವ ಕಿಂತಾನಾ ರೋ ರಾಜ್ಯವು ವರ್ಷವಿಡೀ ಒಂದೇ ಸಮಯವನ್ನು ಪಾಲಿಸುತ್ತದೆ. ಬೇಸಿಗೆಯಲ್ಲಿ ಅದು ಹ್ಯೂಸ್ಟನ್ನಿನ ಸಮಯಕ್ಕೆ ಸರಿಹೊಂದುತ್ತದೆ, ಚಳಿಗಾಲದಲ್ಲಿ ಒಂದು ಗಂಟೆ ಮುಂದಿರುತ್ತದೆ. ರೋಮಿಂಗ್ ಖರ್ಚು ಉಳಿಸಲು ಫೋನುಗಳನ್ನು ವಿಮಾನದ ಮೋಡಿನಲ್ಲೇ ಇಟ್ಟಿದ್ದೆವು, ಅವು ಹ್ಯೂಸ್ಟನ್ನಿನ ಗಂಟೆಯನ್ನೇ ತೋರಿಸುತ್ತಿದ್ದವು. ಎಂಟರ ದೋಣಿಗೆ ನಾವು ಒಂಬತ್ತಕ್ಕೆ ಹೋಗಿ ನಿಂತೆವು. ಮಧ್ಯಾಹ್ನ ಬೇರೊಂದು ದೋಣಿಗೆ ಹೆಚ್ಚು ದುಡ್ಡು ಕೊಟ್ಟು ಒಂದು ಡೈವ್ ಮಾಡುವಷ್ಟರಲ್ಲಿ ಗಾಳಿ ತಿರುಗಿತು. ಅಲ್ಲಿನವರು ‘ನೋರ್ತೆ’ ಎನ್ನುವ ಉತ್ತರದ ಚಳಿಗಾಳಿ ಅದು. ಉಳಿದ ದಿನಗಳಲ್ಲಿ ದ್ವೀಪದ ಪಶ್ಚಿಮ ದಂಡೆಯು ಗಾಳಿಯ ಮರೆಯಲ್ಲಿ ಕೊಳದಂತೆ ಶಾಂತವಾಗಿರುತ್ತದೆ. ನೋರ್ತೆ ಬಂದರೆ ಅದೇ ದಂಡೆಯ ಮೇಲೆ ಅಲೆಗಳು ಏಳುತ್ತವೆ, ಬಂದರು ಅಧಿಕಾರಿಗಳು ಸಣ್ಣ ದೋಣಿಗಳನ್ನು ಹೊರಗೆ ಬಿಡುವುದಿಲ್ಲ. ಭಾನುವಾರ ಇಡೀ ದಿನ ಬಂದರು ಮುಚ್ಚಿತ್ತು. ತಲಾ ಸಾವಿರ ಡಾಲರಿನಷ್ಟು ಕೊಟ್ಟು ಒಂದೇ ಒಂದು ಡೈವ್ ಮಾಡಿದ್ದೆವು. ಮಂಗಳೂರಿನ ನಮ್ಮ ಗೆಳೆಯ ಡೈವಿಂಗ್ ಶುರುಮಾಡಿದ್ದು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ. "ಮಾರಾಯ, ಈ ದುಡ್ಡನ್ನು ಊರಿನ ಟಿಕೆಟಿಗೆ ಹಾಕಿದ್ದರೆ ನೇತ್ರಾಣಿಯಲ್ಲೇ ನಾಲ್ಕು ಸಲ ಇಳಿಯಬಹುದಿತ್ತು" ಎಂದು ಅವನು ಬೇಸರದಿಂದ ಹೇಳಿದ ಮಾತು ನನಗೆ ಬಹಳ ದಿನ ಚುಚ್ಚುತ್ತಿತ್ತು.

ಆ ಒಂದು ಡೈವ್ ಕಲಿಸಿದ್ದು ಮಾತ್ರ ಕಡಿಮೆಯದಲ್ಲ. ಕೊಜುಮೆಲ್‌ನಲ್ಲಿ ಈಜುವುದಕ್ಕಿಂತ ತೇಲಿಹೋಗುವುದೇ ಹೆಚ್ಚು. ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಸೆಳೆತ ಒಯ್ಯುತ್ತದೆ, ದೋಣಿ ಮೇಲೆ ಹಿಂಬಾಲಿಸುತ್ತದೆ. ನಮ್ಮಲ್ಲಿ ಒಬ್ಬನ ಟ್ಯಾಂಕು 28 ನಿಮಿಷಕ್ಕೆ 700 ಪಿಎಸ್ಐಗೆ (ಟ್ಯಾಂಕಿನೊಳಗಿನ ಗಾಳಿಯ ಒತ್ತಡದ ಅಳತೆ) ಇಳಿಯಿತು, ನನ್ನದರಲ್ಲಿ ಇನ್ನೂ 1,600 ಇತ್ತು. ಅವನ ಜೋಡಿಯಾಗಿದ್ದ ನಾನು ಅವನೊಂದಿಗೆ ಮೇಲೆ ಬಂದೆ, ಉಳಿದವರು ನಮ್ಮನ್ನು ನೀರಿನಡಿ ಕರೆದೊಯ್ಯುವ ಡೈವ್ ಮಾಸ್ಟರ್ ಜೊತೆ ಕೆಳಗೇ ಮುಂದೆ ಸಾಗಿದರು. ನಮ್ಮಿಬ್ಬರ ಬಳಿಯೂ ಮೇಲಕ್ಕೆ ಬಿಡುವ ಗುರುತು ಬಲೂನು ಇರಲಿಲ್ಲ. ಏಳತೊಡಗಿದ್ದ ಅಲೆಗಳ ನಡುವೆ ದೋಣಿಗೆ ನಾವು ಕಾಣಿಸಲು ಹದಿನೈದು ನಿಮಿಷವಾದರೂ ಹಿಡಿದಿರಬೇಕು. ಆ ಹದಿನೈದು ನಿಮಿಷದ ಭಯವನ್ನು ನಾನು ಮರೆತಿಲ್ಲ. ಈಗ ನಮ್ಮಲ್ಲಿ ಪ್ರತಿಯೊಬ್ಬರ ಬಿಸಿಡಿಯ, ಅಂದರೆ ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟಿನ, ಜೇಬಿನಲ್ಲೂ ಬಲೂನು ಮತ್ತು ರೀಲು ಇರುತ್ತದೆ; ಇಲ್ಲದವರನ್ನು ನಾನು ಕರೆದೊಯ್ಯುವುದಿಲ್ಲ.

ಮೂರನೆಯ ಸಲ ನಾನು ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಸೋಮವಾರ ಮಧ್ಯಾಹ್ನದ ನೇರ ವಿಮಾನವನ್ನು ಮೊದಲು ಗಟ್ಟಿಮಾಡಿ, ಅದರಿಂದ 24 ಗಂಟೆ ಹಿಂದಕ್ಕೆ ಎಣಿಸಿ, ಭಾನುವಾರ ಮಧ್ಯಾಹ್ನ 12ರೊಳಗೆ ಎಲ್ಲರೂ ನೀರಿನಿಂದ ಹೊರಗೆ ಎಂದು ಗೆರೆ ಎಳೆದೆ. 18 ಗಂಟೆ ಸಾಕಾಗುವಲ್ಲಿ 24 ಇಟ್ಟುಕೊಂಡದ್ದಕ್ಕೆ ಕಾರಣ, ಮೂರು ದಿನಕ್ಕೆ ಆರು ಡೈವ್ ಎಂದರೆ ದೇಹದಲ್ಲಿ ಉಳಿಯುವ ನೈಟ್ರೋಜನ್ ಕಡಿಮೆಯಲ್ಲ ಎಂಬ ನನ್ನ ಎಚ್ಚರಿಕೆ. ಹೆಚ್ಚಿನ ಡೈವ್‌ಗಳನ್ನು ಮೊದಲ ದಿನಗಳಿಗೇ ಸರಿಸಿದೆ: ಶುಕ್ರವಾರ ಬಂದಿಳಿದ ಮಧ್ಯಾಹ್ನವೇ ದಂಡೆಯಿಂದ ಒಂದು, ಶನಿವಾರ ಬೆಳಿಗ್ಗೆ ಎರಡು, ಅದೇ ರಾತ್ರಿ ಒಂದು, ಭಾನುವಾರ ಬೆಳಿಗ್ಗೆ ಎರಡು. ತಿಂಗಳನ್ನೂ ಲೆಕ್ಕ ಹಾಕಿಯೇ ಆರಿಸಿದೆ. ನೋರ್ತೆಯ ಕಾಲ ಮುಗಿದಿರಬೇಕು, ಜೂನ್ 1ರಿಂದ ಶುರುವಾಗುವ ಚಂಡಮಾರುತದ ಋತು ಬಂದಿರಬಾರದು, ವಸಂತದ ರಜೆಯ ಜನ ಮರಳಿ ಟಿಕೆಟಿನ ಬೆಲೆ ಇಳಿದಿರಬೇಕು. ಇವೆಲ್ಲ ಕೂಡುವುದು ಮೇ ತಿಂಗಳ ಮೊದಲರ್ಧದಲ್ಲಿ. ಗಡಿಯಾರವೂ ಆಗ ಹ್ಯೂಸ್ಟನ್ನಿನದೇ ಆಗಿರುತ್ತದೆ.

ಎಲ್ಲರೂ ಬಿಟ್ಟುಬಿಡಲು ಹೇಳಿದ್ದು ಶುಕ್ರವಾರದ ದಂಡೆಯ ಡೈವ್ ಅನ್ನು. ಆರೇಳು ಮೀಟರ್ ಆಳದಲ್ಲಿ ನೋಡುವುದೇನಿದೆ, ಪ್ರಯಾಣದ ದಣಿವಿನಲ್ಲಿ ಅದೇಕೆ ಎಂಬುದು ಅವರ ಪ್ರಶ್ನೆ. ಇಡೀ ಪ್ರವಾಸ ಉಳಿದದ್ದು ಆ ಡೈವಿನಿಂದ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಟ್ಯಾಂಕಿನಲ್ಲಿ 500 ಪಿಎಸ್ಐ ಉಳಿಯುವವರೆಗೆ ಅಡ್ಡಾಡಿ, ಆಮೇಲೆ ಐದು ಮೀಟರಿನಲ್ಲಿ ಬಿಸಿಡಿಯ ಗಾಳಿಯನ್ನೆಲ್ಲ ಬಿಟ್ಟು, ಅಲುಗದೆ ನಿಲ್ಲುವಷ್ಟು ತೂಕವನ್ನೇ ಉಳಿಸಿಕೊಂಡೆವು. ಅಲ್ಯುಮಿನಿಯಮ್ ಟ್ಯಾಂಕು ಬರಿದಾದಾಗ ತೇಲುತ್ತದೆಂದು ಗೊತ್ತಿದ್ದರೂ ತುಂಬಿದ ಟ್ಯಾಂಕಿನಲ್ಲೇ ತೂಕ ನೋಡುವ ಅಭ್ಯಾಸ ಹಲವರಿಗಿದೆ, ಅದು ತಪ್ಪು. 28 ನಿಮಿಷಕ್ಕೆ ಗಾಳಿ ಮುಗಿಸಿದ ಗೆಳೆಯ ತೆಳುವಾದ ಮೂರು ಮಿಲಿಮೀಟರಿನ ಸೂಟಿಗೆ 18 ಪೌಂಡ್ ಕಟ್ಟಿಕೊಳ್ಳುತ್ತಿದ್ದ. ಅಂದು ಸಂಜೆಗೆ ಅದು 10ಕ್ಕೆ ಇಳಿಯಿತು. ಹೊರುವ ಭಾರ ಕಡಿಮೆಯಾದರೆ ಗಾಳಿಯ ಖರ್ಚೂ ಕಡಿಮೆ; ಮರುದಿನ ಅವನ ಅದೇ 80 ಘನ ಅಡಿಯ ಟ್ಯಾಂಕು 46 ನಿಮಿಷ ಬಂತು. ಜನವರಿಯಲ್ಲಿ ಕಿವಿ ಕಟ್ಟಿಕೊಂಡು ತೊಂದರೆಪಟ್ಟವನಿಗೂ ಈ ಆಳವಿಲ್ಲದ ಡೈವೇ ಔಷಧಿಯಾಯಿತು. ನೀರಿನ ಮೇಲಿರುವಾಗಲೇ ಒಮ್ಮೆ ಕಿವಿ ಬಿಡಿಸಿಕೊಂಡು, ಆಮೇಲೆ ಪ್ರತಿ ಮೀಟರಿಗೂ, ನೋವು ಬರುವ ಮೊದಲೇ ಬಿಡಿಸಿಕೊಳ್ಳುವುದನ್ನು ಅವನು ಅಲ್ಲಿ ನಿಧಾನವಾಗಿ ರೂಢಿಸಿಕೊಂಡ.

ಜೋಡಿಗಳನ್ನೂ ಬದಲಿಸಿದೆ. ಅನುಭವಿಯನ್ನು ಹೊಸಬನೊಡನೆ ಹಾಕುವ ರೂಢಿಯನ್ನು ಬಿಟ್ಟು, ಗಾಳಿ ಬೇಗ ಖರ್ಚುಮಾಡುವ ಇಬ್ಬರನ್ನು ಒಂದು ಜೋಡಿಯಾಗಿ, ನಿಧಾನದವರಿಬ್ಬರನ್ನು ಇನ್ನೊಂದು ಜೋಡಿಯಾಗಿ ಮಾಡಿದೆ. ಮೊದಲ ಜೋಡಿ ಸದಾ ಡೈವ್ ಮಾಸ್ಟರ್ ಪಕ್ಕದಲ್ಲೇ ಇರಬೇಕು, ಬಂಡೆಯ ಮೇಲ್ಭಾಗದಲ್ಲೇ ಸಾಗಬೇಕು ಎಂಬುದು ಒಪ್ಪಂದ. ಶನಿವಾರ ಪಲಾಂಕಾರ್ ಎಂಬ ಹವಳದ ಸಾಲಿನ ಗುಹೆಗಳಲ್ಲಿ ಇದು ಚೆನ್ನಾಗಿ ನಡೆಯಿತು. ಹವಳದ ಕಂಬಗಳ ನಡುವಿನ ಓಣಿಗಳಲ್ಲಿ ನುಸುಳಿ ಹೊರಬಂದಾಗ ಎದುರಿಗೆ ನೀಲಿಯ ಹೊರತು ಬೇರೇನೂ ಇಲ್ಲದ ಆ ಅಂಚಿನಲ್ಲಿ ನಾಲ್ವರೂ ಒಟ್ಟಿಗೆ ನಿಂತಿದ್ದೆವು. ಮೂವತ್ತು ಮೀಟರ್ ದೂರದವರೆಗೆ ಕಾಣುತ್ತಿತ್ತು. ಹವಳವನ್ನು ಮುಟ್ಟದಂತೆ ಕೈಗವಸು, ಚಾಕುಗಳನ್ನು ಈ ಸಾಲುಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ನಿಷೇಧಿಸಿದ್ದಾರೆ. 1996ರಿಂದ ಸಂರಕ್ಷಿತವಾಗಿರುವ ಈ ಸಾಲನ್ನು ನೋಡಿದವರಿಗೆ ಆ ನಿಯಮ ಎಷ್ಟು ಸರಿ ಎಂಬುದು ತಿಳಿಯುತ್ತದೆ.

ಶನಿವಾರ ರಾತ್ರಿಯ ಡೈವ್ ಪ್ಯಾರಡೈಸ್ ಎಂಬ ಹವಳದ ಸಾಲಿನಲ್ಲಿ, ಹನ್ನೆರಡು ಮೀಟರಿನಷ್ಟೇ ಆಳದಲ್ಲಿ. ನಾವು ಹುಡುಕಿದ್ದು ಕೊಜುಮೆಲ್‌ನ ಹೆಸರಾಂತ ಕಪ್ಪೆಮೀನನ್ನು (ಟೋಡ್‌ಫಿಶ್). ಮುಖದ ತುಂಬ ಬಿಳಿ ಗೆರೆ, ಬಾಯಿಯ ಕೆಳಗೆ ಗಡ್ಡದಂತಹ ಎಳೆಗಳು, ರೆಕ್ಕೆಯ ಅಂಚಿಗೆ ಉಜ್ವಲ ಹಳದಿ. ಹವಳದ ಅಡಿಯ ಬಿಲದಲ್ಲಿ ಕುಳಿತು ವಟಗುಟ್ಟುತ್ತದೆ. ಆ ರಾತ್ರಿ ನಾನೊಬ್ಬನೇ ಐದನ್ನು ಪತ್ತೆಹಚ್ಚಿದೆ, ದೋಣಿಯಲ್ಲಿದ್ದ ಬೇರೆ ಯಾರಿಗೂ ಎರಡಕ್ಕಿಂತ ಹೆಚ್ಚು ಸಿಗಲಿಲ್ಲ. ದೀಪವನ್ನು ಹೇಗೆ ಹಿಡಿದರೆ ಅದು ಬಿಲದೊಳಕ್ಕೆ ಸರಿಯದೆ ಕುಳಿತಿರುತ್ತದೆ ಎಂಬುದನ್ನು ನಾನೇ ಕಂಡುಕೊಂಡದ್ದು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ದೋಣಿಯವರ ಹೆಸರನ್ನೂ ಬರೆಯುವುದಿಲ್ಲ. ಅದು ಆರೇ ಜನರ ದೋಣಿ. ಹೆಸರು ಹರಡಿದರೆ ಮುಂದಿನ ಮೇ ತಿಂಗಳಿಗೆ ನಮಗೇ ಜಾಗ ಸಿಗದು.

ನಡುನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ಇಬ್ಬರು ಟ್ಯಾಂಕಿಗೆ ಹತ್ತು ಡಾಲರ್ ಹೆಚ್ಚು ಕೊಟ್ಟು 32ರ ನೈಟ್ರಾಕ್ಸ್ (ಶೇಕಡ 32 ಆಮ್ಲಜನಕವಿರುವ, ನೈಟ್ರೋಜನ್ ಕಡಿಮೆಯಿರುವ ಗಾಳಿ) ತೆಗೆದುಕೊಂಡರು, ಇಬ್ಬರು ಸಾದಾ ಗಾಳಿಯಲ್ಲೇ ಇಳಿದರು. ಸಂಜೆಯ ಆಯಾಸದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಆದರೆ ಆಳದಲ್ಲಿ ಇನ್ನೆಷ್ಟು ಹೊತ್ತು ಇರಬಹುದೆಂದು ಡೈವ್ ಕಂಪ್ಯೂಟರ್ ತೋರಿಸುವ ನಿಮಿಷಗಳ ವ್ಯತ್ಯಾಸ ನಿಜವಾದದ್ದು. ಮುಂದಿನ ಸಲ ಭಾನುವಾರದ ಟ್ಯಾಂಕುಗಳಿಗೆ ಮಾತ್ರ ಎಲ್ಲರೂ ಅದನ್ನೇ ಕೊಳ್ಳಬೇಕೆಂದಿದ್ದೇನೆ. ಹೊಸ ಮಾಸ್ಕಿಗೆ ಮಂಜು ಕಟ್ಟುವುದನ್ನು ತಡೆಯಲು ಟೂತ್‌ಪೇಸ್ಟ್, ಉಗುಳು, ನೀರು ಬೆರೆಸಿದ ಮಕ್ಕಳ ಶಾಂಪೂ ಮೂರನ್ನೂ ಹೋಲಿಸಿದೆವು. ಮನೆಯಲ್ಲೇ ಮೂರು ಸಲ ಟೂತ್‌ಪೇಸ್ಟಿನಿಂದ ತಿಕ್ಕಿ ತೊಳೆದು, ದೋಣಿಯಲ್ಲಿ ಶಾಂಪೂ ಹಚ್ಚಿದ ಮಾಸ್ಕು ಆರೂ ಡೈವಿನಲ್ಲಿ ಸ್ವಚ್ಛವಾಗಿತ್ತು.

ಊಟದ ವಿಷಯದಲ್ಲಿ ಇಬ್ಬರು ಸಸ್ಯಾಹಾರಿಗಳಿಗೆ ಮೊದಲ ಪ್ರವಾಸದಲ್ಲಿ ಕಷ್ಟವಾಗಿತ್ತು. ಅಲ್ಲಿ ಅರೆದ ಬೀನ್ಸ್ ಕಾಳನ್ನೂ ಹಲವೆಡೆ ಹಂದಿಯ ಕೊಬ್ಬಿನಲ್ಲೇ ಹುರಿಯುತ್ತಾರೆ. ಈ ಸಲ ‘ಸಿನ್ ಮಾಂತೇಕಾ’, ಅಂದರೆ ಕೊಬ್ಬಿಲ್ಲದೆ, ಎಂದು ಕೇಳಲು ಕಲಿತಿದ್ದರು. ಕುಂಬಳದ ಹೂವಿನ ಕೇಸಡಿಯಾ, ಪಾಪಾಸುಕಳ್ಳಿಯ ಪಲ್ಯದಂತಹ ನೊಪಾಲೆಸ್ ಅವರಿಗೆ ಬಹಳ ಹಿಡಿಸಿದವು. ಬೆಳಗಿನ ದೋಣಿಗೆ ಮೊದಲು ಮಾತ್ರ ಮನೆಯಿಂದ ಒಯ್ದ ಹುರಿದ ಅವಲಕ್ಕಿ ಮತ್ತು ಚಟ್ನಿಪುಡಿ. ಅದು ಹೊಟ್ಟೆಗೆ ಹಗುರವಾಗಿದ್ದುದರಿಂದ ದೋಣಿಯಲ್ಲಿ ಯಾರಿಗೂ ವಾಂತಿಯಾಗಲಿಲ್ಲ.

ತಲಾ ಖರ್ಚು ಹೀಗಿತ್ತು: ವಿಮಾನಕ್ಕೆ 340, ಎರಡು ಬೆಳಗಿನ ದೋಣಿಗಳಿಗೆ 210, ರಾತ್ರಿ ಡೈವಿಗೆ 65, ದಂಡೆಯ ಟ್ಯಾಂಕು ಮತ್ತು ಉದ್ಯಾನದ ಶುಲ್ಕ ಸೇರಿ 35ರ ಹತ್ತಿರ, ಇಬ್ಬರಿಗೊಂದರಂತೆ ಮೂರು ರಾತ್ರಿಯ ಕೋಣೆಗೆ 130, ಊಟ ಮತ್ತು ಟ್ಯಾಕ್ಸಿಗೆ 80, ದೋಣಿಯವರಿಗೆ ಭಕ್ಷೀಸು 60. ಪೆಸೊ ತೆಗೆಯುವಾಗ ಎಟಿಎಂ ತನ್ನದೇ ದರದಲ್ಲಿ ಡಾಲರಿಗೆ ಪರಿವರ್ತಿಸಲೇ ಎಂದು ಕೇಳುತ್ತದೆ. ಬೇಡ ಎಂದು ಒತ್ತಬೇಕು. ಜನವರಿಯಲ್ಲಿ ಇದನ್ನು ಗಮನಿಸದೆ ಸುಮಾರು 40 ಡಾಲರ್ ಕಳೆದುಕೊಂಡಿದ್ದೆವು.

ಭಾನುವಾರ ಸಾಂತಾ ರೋಸಾ ಎಂಬ ಹವಳದ ಗೋಡೆಯಲ್ಲೂ ಆಮೇಲೆ ಯುಕಾಬ್ ಸಾಲಿನಲ್ಲೂ ಇಳಿದು, 11.40ಕ್ಕೆ ಕೊನೆಯವನು ಏಣಿ ಹತ್ತಿದ. ಸಮುದ್ರ ಕನ್ನಡಿಯಂತಿತ್ತು, ಇನ್ನೊಂದು ಇಳಿಯೋಣ ಎಂಬ ಒತ್ತಾಯವೂ ಬಂತು, ನಾನು ಒಪ್ಪಲಿಲ್ಲ. ಆ ಮಧ್ಯಾಹ್ನ ಸಾಮಾನನ್ನೆಲ್ಲ ಸಿಹಿನೀರಿನಲ್ಲಿ ತೊಳೆದು ಕೋಣೆಯ ಹೊರಗೆ ಹಗ್ಗ ಕಟ್ಟಿ ಹರಡಿ, ಸಾನ್ ಹೆರ್ವಾಸಿಯೊದ ಮಾಯಾ ಅವಶೇಷಗಳನ್ನು ನೋಡಿಬಂದೆವು. ಮೊದಲ ಪ್ರವಾಸದಲ್ಲಿ ಒದ್ದೆ ಬಿಸಿಡಿ, ಸೂಟುಗಳ ಭಾರಕ್ಕೆ 100 ಡಾಲರ್ ದಂಡ ಕೊಟ್ಟಿದ್ದೆವು. ಈ ಸಲ ಸೋಮವಾರ ಕೌಂಟರಿನಲ್ಲಿ ಯಾರ ಚೀಲವೂ 21 ಕಿಲೊ ದಾಟಲಿಲ್ಲ. ಸಂಜೆಗೆ ಮನೆ ಮುಟ್ಟಿದಾಗ, ವಾರವಿಡೀ ಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ್ದ ಗೆಳೆಯ ಫೋನ್ ಮಾಡಿ ಮುಂದಿನ ಮೇ ತಿಂಗಳಿಗೆ ತನ್ನ ಹೆಸರನ್ನೂ ಸೇರಿಸು ಎಂದ. ದುಡ್ಡು ಆಮೇಲೆ ಕಳಿಸು, ಮೊದಲು ವೀಸಾ ಪುಟದ ಚಿತ್ರ ಕಳಿಸು ಎಂದೆ.