ಹಾಡಿಯ ಮನೆಗೆ ಹಕ್ಕುಪತ್ರ: ಮೊದಲು ಹಿರಿಯರ ಮಾತು ಬರೆಸಿ

ಕೊಡಗಿನ ತಿತಿಮತಿ ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಕೇರಿಗಳಲ್ಲಿ, ಅರಣ್ಯ ಹಕ್ಕಿನ ಅರ್ಜಿ ಬರೆದುಕೊಡುವವಳು ನಾನು. ನಮೂನೆ ಹಿಡಿದು ಬಂದವರಿಗೆಲ್ಲ ಹೇಳುವುದು ಒಂದೇ: ಅದು ಆಮೇಲೆ, ನೀವು ಹಿಂದಿನಿಂದಲೂ ಇಲ್ಲೇ ಇದ್ದೀರಿ ಎನ್ನುವ ಹಿರಿಯರ ಹೇಳಿಕೆಯನ್ನು ಮೊದಲು ಬರೆಸಿಕೊಳ್ಳಿ. ಪಡಿತರ ಚೀಟಿ ಕಳೆದರೆ ಇನ್ನೊಂದು ಸಿಗುತ್ತದೆ. ಅಜ್ಜಿ ತೀರಿಕೊಂಡರೆ ಅವರು ಕಂಡದ್ದನ್ನು ಹೇಳುವವರು ಯಾರು?

2006ರ ಅರಣ್ಯ ಹಕ್ಕು ಕಾಯ್ದೆಯಂತೆ ಜೇನುಕುರುಬ, ಬೆಟ್ಟಕುರುಬ, ಯರವರಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಅರಣ್ಯಭೂಮಿಯಲ್ಲಿ ನೆಲೆಸಿದ್ದರೆ ಮನೆಗೂ ಸಾಗುವಳಿಗೂ ಹಕ್ಕು ಕೇಳಬಹುದು. ಖಾಸಗಿ ಕಾಫಿ ತೋಟದ ಲೈನ್ ಮನೆ (ಕೂಲಿಯವರಿಗೆ ಕೊಡುವ ಸಾಲುಮನೆ) ಇದರಲ್ಲಿ ಬರುವುದಿಲ್ಲ.

ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರೇ ಆಗಿರಬಾರದು. ‘ಬಹಳ ಕಾಲದಿಂದ ಇದ್ದಾರೆ’ ಎಂದು ಒಂದು ಸಾಲು ಗೀಚಿ ಹೆಬ್ಬೆಟ್ಟು ಒತ್ತಿಸಬೇಡಿ, ಅದರಲ್ಲಿ ಹುರುಳಿಲ್ಲ. ಅವರ ಪಕ್ಕ ಕುಳಿತು ಕೇಳಿ: ಆ ಹಲಸಿನ ಮರ ನೆಟ್ಟವರು ಯಾರು? ಆಗ ನಿಮಗೆ ಮದುವೆಯಾಗಿತ್ತೇ? ಇವರ ಮಾವನನ್ನು ಮಣ್ಣು ಮಾಡಿದ್ದು ಎಲ್ಲಿ? ಬಂದ ಉತ್ತರವನ್ನು ಹಾಗೆಯೇ ಬರೆದು, ಅವರ ಮಾತಿನಲ್ಲೇ ಓದಿ ಹೇಳಿ, ಒಪ್ಪಿದ ಮೇಲೆ ಹೆಬ್ಬೆಟ್ಟು ಪಡೆಯಿರಿ. ಒಂದೇ ಸಾಕ್ಷ್ಯ ಸಾಲದು. ಹಳೆಯ ಬಾವಿ, ಸಮಾಧಿ, ದೇವರ ಬನ, ಮನೆಯ ತಳಪಾಯ ಎಲ್ಲವೂ ಸಾಕ್ಷ್ಯವೇ. ಸ್ಥಳ ಪರಿಶೀಲನೆಗೆ ಬಂದವರಿಗೆ ನೀವೇ ಮುಂದೆ ನಿಂತು ತೋರಿಸಿ. ಇಂಥದೇ ದಾಖಲೆ ಬೇಕೆಂದು ಪಟ್ಟು ಹಿಡಿಯಲು ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳಿಗೆ ಅಧಿಕಾರವಿಲ್ಲ.

ಗಂಡ ಹೆಂಡತಿ ಇಬ್ಬರ ಹೆಸರೂ ಇರುವ ‘ಎ’ ನಮೂನೆಯನ್ನು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸಹಿ ಹಾಕಿದ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕೊಡದೆ ‘ನಾಳೆ ಬನ್ನಿ’ ಎಂದರೆ ಅಲ್ಲಿಂದ ಏಳಬೇಡಿ. ಅರ್ಜಿಯ ಬಗ್ಗೆ ನಿರ್ಣಯ ಮಾಡುವ ಗ್ರಾಮಸಭೆಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರು. ಕಾಫಿ ಕೊಯ್ಲಿನ ವೇಳೆ ಸಭೆ ಇಟ್ಟರೆ ಹಾಡಿಯೆಲ್ಲ ತೋಟದಲ್ಲಿರುತ್ತದೆ. ಕೂಲಿಗೆ ರಜೆಯಿರುವ ದಿನವನ್ನೇ ಕೇಳಿ. ಸಭೆಯ ನಡಾವಳಿಯ ಒಂದು ನಕಲು ನಿಮ್ಮ ಮನೆಯಲ್ಲಿರಲಿ.

ಗ್ರಾಮಸಭೆಯ ನಿರ್ಣಯ ನಿಮಗೆ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಮತ್ತೆ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಕೊಡಿ. ಈ ಸಮಿತಿಗಳು ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ವಿವರಿಸಲೇಬೇಕು.

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಕಾಯ್ದೆಯ 4(5)ನೆಯ ಕಲಮನ್ನು ಹಾಡಿಯ ಮಕ್ಕಳಿಗೂ ಕಲಿಸುತ್ತೇನೆ: ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಯಾರಾದರೂ ಜಾಗ ಖಾಲಿ ಮಾಡಿ ಎಂದು ಬಂದರೆ ಸ್ವೀಕೃತಿಯ ಪ್ರತಿ ತೋರಿಸಿ, ಆದೇಶವನ್ನು ಲಿಖಿತವಾಗಿ ಕೇಳಿ, ಅದೇ ದಿನ ಉಪವಿಭಾಗಾಧಿಕಾರಿಗೆ ದೂರು ಬರೆಯಿರಿ. ಮೂಲಪ್ರತಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ.